ಅತ್ತೆಯ ಉರುಳುಗಲ್ಲು

ಮಳೆ ನಿಂತರೆ ಊರಿನವರೆಲ್ಲ ಕೊಡೆ ಮಡಚಿ ಒಳಗಿಡುತ್ತಾರೆ. ನಮ್ಮತ್ತೆ ಮಾತ್ರ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ನಮ್ಮ ತಲೆಯ ಮೇಲೆ ಹತ್ತುತ್ತಿದ್ದರು. ತಮಾಷೆಗೆ ಹೇಳುತ್ತಿಲ್ಲ, ನಿಜವಾಗಿಯೂ ತಲೆಯ ಮೇಲೆಯೇ. ನಮ್ಮ ಮನೆ ಕಟ್ಟಿದ್ದಲ್ಲ, ಅಗೆದದ್ದು. ಗುಡ್ಡದ ಇಳಿಜಾರಿನ ಗಟ್ಟಿ ಮಣ್ಣಿನೊಳಗೆ ಸಾಲಾಗಿ ಕೊರೆದ ಮನೆಗಳಲ್ಲಿ ನಮ್ಮದೂ ಒಂದು. ಬಾಗಿಲು, ಕಿಟಕಿ ಎಲ್ಲ ಮುಂಭಾಗದಲ್ಲೇ. ಉಳಿದ ಮೂರು ದಿಕ್ಕಿಗೂ ಮಣ್ಣು, ಮೇಲೆಯೂ ಮಣ್ಣು. ಆ ಮಣ್ಣೇ ನಮ್ಮ ಸೂರು. ಮಳೆಗೆ ಅದು ಸಡಿಲವಾಗುತ್ತದೆ. ತೀರಾ ಒದ್ದೆಯೂ ಅಲ್ಲದ, ತೀರಾ ಒಣಗಿಯೂ ಇಲ್ಲದ ಹೊತ್ತು ನೋಡಿ ಅದರ ಮೇಲೆ ಕಲ್ಲಿನ ಉರುಳೆ ಎಳೆದು ಗಟ್ಟಿ ಮಾಡಬೇಕು. ಬಿಟ್ಟರೆ ಮುಂದಿನ ಮಳೆ ನೇರವಾಗಿ ಅಡುಗೆಮನೆಗೇ ಇಳಿಯುತ್ತದೆ.

ನಾನು ಮದುವೆಯಾಗಿ ಬಂದದ್ದು ಸುಡುಬೇಸಿಗೆಯಲ್ಲಿ. ಹೊರಗೆ ರಸ್ತೆಯ ಡಾಂಬರು ಕರಗುತ್ತಿದ್ದರೆ ಒಳಗೆ ಹೊದ್ದು ಮಲಗುವಷ್ಟು ತಂಪು. ನನ್ನಮ್ಮ ಬಂದವಳು ಗೋಡೆ ಸವರಿ, "ಪುಣ್ಯ ಮಾಡಿದ್ದೀಯ ಕಣೇ, ಫ್ಯಾನೇ ಬೇಡ" ಎಂದಳು. ಮಳೆಗಾಲಕ್ಕೆ ಮುಂಚೆ ಊರಿಗೆ ಹೊರಟವಳು ಮತ್ತೆ ಬಂದದ್ದು ಮುಂದಿನ ಬೇಸಿಗೆಗೇ. ಈ ಮನೆಗಳನ್ನು ಹೊಗಳುವವರೆಲ್ಲ ಹೀಗೆಯೇ, ಬೇಸಿಗೆಯಲ್ಲಿ ಬಂದು ಬೇಸಿಗೆಯಲ್ಲೇ ಕಾಲು ಕೀಳುತ್ತಾರೆ.

ಅನುಕೂಲ ಇರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಚಳಿಗಾಲದಲ್ಲಿ ಬೆಚ್ಚಗಿರುತ್ತಿತ್ತು. ಅಲಮಾರು ಬೇಕಾದರೆ ಬಡಗಿಯ ಮುಖ ನೋಡಬೇಕಿರಲಿಲ್ಲ, ಗುದ್ದಲಿ ಸಾಕು. ನನಗೆ ಮಗಳು ಹುಟ್ಟಿದಾಗ ನಮ್ಮ ಮಾವ ಒಂದು ತಿಂಗಳು ಗೋಡೆ ಕೊರೆದು ಅವಳಿಗೊಂದು ಪುಟ್ಟ ಕೋಣೆಯನ್ನೇ ಮಾಡಿಕೊಟ್ಟರು. ಅದೇ ಅವರ ಕೊನೆಯ ಅಗೆತ. ಆದರೆ ಮೊಳೆ ಹೊಡೆದರೆ ನಿಲ್ಲದು, ಮಂಚ ಗೋಡೆಗೆ ತಾಗಿಸಿದರೆ ಬೆಳಗಾಗುವಷ್ಟರಲ್ಲಿ ಹಾಸಿಗೆಯೆಲ್ಲ ಮಣ್ಣು. ಫೋನು ಬಂದರೆ ಬಾಗಿಲಿಗೆ ಓಡಬೇಕು. ಮಳೆಗಾಲ ಹಿಡಿಯಿತೆಂದರೆ ಚಪ್ಪಲಿಗೂ ಬೂಷ್ಟು, ಬ್ಯಾಗಿಗೂ ಬೂಷ್ಟು. ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸಕ್ಕೆ ಹೋಗುತ್ತಿದ್ದೆ. ಮನೆಯವರ ಒಳ‌ಉಡುಪನ್ನೆಲ್ಲ ಚೀಲದಲ್ಲಿ ಹೊತ್ತೊಯ್ದು, ಮೇಲ್ವಿಚಾರಕಿಯ ಕಣ್ಣು ತಪ್ಪಿಸಿ ಅಲ್ಲಿನ ಬಿಸಿ ಕೋಣೆಯಲ್ಲಿ ಒಣಗಿಸಿಕೊಂಡು ತರುತ್ತಿದ್ದೆ. ಬೇರೆ ಹೆಂಗಸರು ಕೆಲಸಕ್ಕೆ ಬುತ್ತಿ ಒಯ್ದರೆ ನಾನು ಒದ್ದೆ ಚಡ್ಡಿ ಒಯ್ಯುತ್ತಿದ್ದೆ.

ಮಾವ ಹೋದ ಮೇಲೆ ಉರುಳುಗಲ್ಲು ಅತ್ತೆಯ ಪಾಲಿಗೆ ಬಂತು. ನನ್ನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಟಯರು ಎತ್ತಿ ಎತ್ತಿ ಬೆನ್ನು ಹೋಗಿತ್ತು, ಕಲ್ಲು ಎಳೆದರೆ ಎರಡು ದಿನ ಹಾಸಿಗೆ ಹಿಡಿಯುತ್ತಿದ್ದರು. ನಾನು ಬೆಳಗ್ಗೆ ಹೋದರೆ ಸಂಜೆ ಬರುವವಳು. ಮಣ್ಣು ಹದಕ್ಕೆ ಬರುವುದೋ ಯಾವಾಗಲೂ ನಡುಮಧ್ಯಾಹ್ನ. ಹಾಗಾಗಿ ಅತ್ತೆಯೇ ಹತ್ತುತ್ತಿದ್ದರು. ಹಿಮ್ಮಡಿಯಿಂದ ಮಣ್ಣು ಒತ್ತಿ ನೋಡಿ, ಹಗ್ಗ ಹೆಗಲಿಗೇರಿಸಿ, ಆ ತುದಿಯಿಂದ ಈ ತುದಿಗೆ ಎಳೆಯುತ್ತಿದ್ದರು. ಇಳಿದು ಬಂದ ಮೇಲೆ ಕಾಲು ಚಾಚಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

ಅಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ನೆಲದೊಳಗಿನ ಮನೆಗೆ ಒಂದು ಹಣೆಬರಹವಿದೆ, ಪಕ್ಕದವರು ಇದ್ದರೆ ಮಾತ್ರ ಅದೂ ಇರುತ್ತದೆ. ಸಾಲಿನವರು ಒಬ್ಬೊಬ್ಬರೇ ಮೇಲಿನ ಬಡಾವಣೆಗೆ ಹೋದರು. ಕೊನೆಗೆ ನಮ್ಮ ಗೋಡೆಗೆ ಅಂಟಿಕೊಂಡೇ ಇದ್ದ ಟೈಲರೂ ಹೊರಟ. ಪಾಪ, ಒಳ್ಳೆಯವನೇ. ಅವನ ಹೊಲಿಗೆ ಮಿಷನ್ನಿನ ಮೇಲೆ ಸೂರಿನಲ್ಲಿದ್ದ ಗಾಳಿ ಕೊಳವೆಯಿಂದ ಮಳೆನೀರು ತೊಟ್ಟಿಕ್ಕಿ ಎಷ್ಟೋ ಬಟ್ಟೆ ಹಾಳಾಗಿದ್ದವು. ಆ ಹಳೆಯ ಸಿಟ್ಟಿಗೋ ಏನೋ, ಹೋಗುವಾಗ ಕೊಳವೆಯ ಬಾಯಿಗೆ ಸಿಮೆಂಟು ಮೆತ್ತಿ, ಬಾಗಿಲಿಗೆ ಬೀಗ ಜಡಿದು, ಬೀಗದಕೈ ಅತ್ತೆಯ ಕೈಗಿಟ್ಟ. "ಇನ್ನು ಒಂದು ಹನಿ ಇಳಿಯಲ್ಲ ಅಜ್ಜಿ, ಭದ್ರವಾಗಿ ಮುಚ್ಚಿದ್ದೀನಿ" ಎಂದ.

ಅವನು ಮುಚ್ಚಿದ್ದು ನೀರಿನ ದಾರಿಯನ್ನಲ್ಲ, ಉಸಿರನ್ನು. ಗಾಳಿಯಾಡದ ಮನೆ ಒಳಗೊಳಗೇ ಬೆವರಿತು. ನಮಗೆ ಗೊತ್ತಾದದ್ದು ಅತ್ತ ಕಡೆಗೇ ಇದ್ದ ಮಗಳ ಕೋಣೆಯ ಗೋಡೆಯಲ್ಲಿ ತಟ್ಟೆಯಗಲದ ಕಲೆ ಎದ್ದಾಗಲೇ. ನನ್ನ ಗಂಡ ಉಳಿ ಸುತ್ತಿಗೆ ಹಿಡಿದು ಸಿಮೆಂಟು ಒಡೆದು ಬಂದರು. ಅಷ್ಟರಲ್ಲಿ ಒಂದು ಮಳೆಗಾಲ ಪೂರ್ತಿ ಕಳೆದಿತ್ತು.

ಅಂದಿನಿಂದ ಅತ್ತೆಗೆ ಎರಡು ಮನೆ. ಬೆಳಗ್ಗೆ ಟೈಲರನ ಬಾಗಿಲು ತೆಗೆದು ಗೋಡೆ ಒಣಗಲೆಂದು ಒಲೆ ಹಚ್ಚಿಟ್ಟು ಬರುವುದು, ಮಳೆ ನಿಂತರೆ ಅವನ ಸೂರಿನ ಮೇಲೂ ಕಲ್ಲು ಎಳೆಯುವುದು. ನನಗೆ ಮೈಯೆಲ್ಲ ಉರಿಯಿತು. "ಅವನೇನು ನಿಮಗೆ ಸಂಬಳ ಕೊಡ್ತಾನಾ? ಬಿಟ್ಟಿ ಚಾಕರಿಗೆ ಬೇರೆ ಯಾರೂ ಸಿಗಲಿಲ್ವಾ ಅವನಿಗೆ?"

"ಅವನ ಗೋಡೆನೂ ನಮ್ಮ ಗೋಡೆನೂ ಒಂದೇ ಅಲ್ವಾ," ಎಂದರು ಅತ್ತೆ, ಕಾಲಿಗೆ ಎಣ್ಣೆ ತಿಕ್ಕುತ್ತ. "ಅದು ಬಿದ್ರೆ ಆ ಕಡೆಗೇ ಬೀಳುತ್ತೆ ಅಂತ ಬರೆದುಕೊಟ್ಟಿದ್ದಾರಾ?"

ಎಣ್ಣೆ ಬಟ್ಟಲು ಕಸಿದುಕೊಂಡು ನಾನೇ ತಿಕ್ಕಿದೆ. ಆ ಕಾಲುಗಳು ಊದಿಕೊಂಡು ಬೆರಳಿಟ್ಟಲ್ಲೆಲ್ಲ ಕುಳಿ ಬೀಳುತ್ತಿತ್ತು. ಮಗಳ ಕೋಣೆಯ ಗೋಡೆಯೂ ಹಾಗೇ ಆಗಿತ್ತು.

ಮರುವರ್ಷದ ಮಳೆ ಹಿಡಿದ ಮೇಲೆ ಬಿಡಲೇ ಇಲ್ಲ. ಮಗಳ ಹಾಸಿಗೆಯನ್ನು ನಡುಮನೆಗೆ ಎಳೆದೆವು. ಅದೇ ಹೊತ್ತಿಗೆ ಡಿಪೋದ ಕ್ವಾರ್ಟರ್ಸಿನಲ್ಲಿ ಎರಡನೇ ಮಹಡಿಯ ಮನೆ ಖಾಲಿಯಾಯಿತು. ಹಿಂದೆ ಎರಡು ಸಲ ಸರದಿ ಬಂದಾಗಲೂ ನನ್ನ ಗಂಡ ಬೇಡವೆಂದಿದ್ದರು. ಈ ಸಲ ಮ್ಯಾನೇಜರು, ಶನಿವಾರದೊಳಗೆ ಹೇಳದಿದ್ದರೆ ಇನ್ನು ನಿನ್ನ ಸರದಿಯೇ ಇಲ್ಲ ಎಂದುಬಿಟ್ಟಿದ್ದ.

"ಅಮ್ಮನ ಪ್ರಾಣ ಇರೋದೇ ಈ ಮನೆಯಲ್ಲಿ," ಎಂದರು ನನ್ನ ಗಂಡ. "ಅಪ್ಪ ಕೈಯಾರೆ ಅಗೆದ ಮನೆ. ಬಿಟ್ಟು ಬಾ ಅಂತ ಯಾವ ಬಾಯಲ್ಲಿ ಹೇಳಲಿ?"

"ಗೋಡೆ ಬಿದ್ರೆ ಯಾವ ಬಾಯಲ್ಲಿ ಅಳ್ತೀರಿ?" ಎಂದೆ. ಅವರು ಗೋಡೆಯ ಕಡೆ ನೋಡಿದರು, ನನ್ನ ಕಡೆ ನೋಡಲಿಲ್ಲ. ಶುಕ್ರವಾರವೂ ಬಂತು. ಅತ್ತೆಗೆ ಹೇಳುವುದನ್ನು ಇಬ್ಬರೂ ಒಬ್ಬರ ಮೇಲೊಬ್ಬರು ಹಾಕುತ್ತ ಸುಮ್ಮನೆ ಕೆಲಸಕ್ಕೆ ಹೊರಟೆವು.

ಅಂದು ಲಾಂಡ್ರಿಯಲ್ಲಿ ಕರೆಂಟು ಹೋಗಿ ಮಧ್ಯಾಹ್ನವೇ ಬಿಟ್ಟರು. ಮಳೆ ನಿಂತು ತೆಳ್ಳನೆ ಬಿಸಿಲು ಬಿದ್ದಿತ್ತು. ಮನೆಯ ಬಾಗಿಲು ತೆರೆದಿತ್ತು, ಅತ್ತೆ ಇರಲಿಲ್ಲ. ಮೇಲೆ ಹತ್ತಿ ನೋಡಿದರೆ ಟೈಲರನ ಸೂರಿನ ನಡುವೆ ಮಂಡಿಯೂರಿ ಕೂತಿದ್ದಾರೆ. ಉರುಳುಗಲ್ಲು ಅರ್ಧಕ್ಕರ್ಧ ಮಣ್ಣಿನೊಳಗೆ ಇಳಿದುಹೋಗಿತ್ತು. ಅತ್ತೆ ಬರಿಗೈಯಲ್ಲಿ ಅದರ ಸುತ್ತ ಮಣ್ಣು ತೋಡುತ್ತಿದ್ದರು.

"ಹತ್ತಿರ ಬರಬೇಡ," ಎಂದರು. "ನೆಲ ಟೊಳ್ಳಾಗಿದೆ."

"ಟೊಳ್ಳಾಗಿದ್ರೆ ನೀವ್ಯಾಕೆ ಅಲ್ಲಿ ಕೂತಿದ್ದೀರಿ?"

ಗಟ್ಟಿ ನೆಲದ ಮೇಲೆ ನಿಂತು ಹಗ್ಗದ ತುದಿ ಹಿಡಿದು ಎಳೆದೆ. ಅತ್ತೆ ಅಲ್ಲಿಂದ ನೂಕಿದರು. ಕಲ್ಲು ಜಪ್ಪಯ್ಯ ಎನ್ನಲಿಲ್ಲ. ಇನ್ನೊಮ್ಮೆ ಎಳೆದಾಗ ನಾನು ಜಾರಿ ಕೆಸರಿನಲ್ಲಿ ಕೂತೆ. ಅಷ್ಟು ವರ್ಷ ನುಂಗಿದ್ದೆಲ್ಲ ಆಗ ಗಂಟಲಿಗೆ ಬಂತು. ಸೊಸೆ, ಅತ್ತೆ ಎನ್ನುವ ಲೆಕ್ಕವನ್ನೆಲ್ಲ ಅತ್ತ ಸರಿಸಿದೆ.

"ಸಾಕು ಬಿಡಿ ಅತ್ತೆ. ಈ ಮನೆನೂ ಬೇಡ, ಈ ಕಲ್ಲೂ ಬೇಡ. ಕ್ವಾರ್ಟರ್ಸ್ ಸಿಕ್ಕಿದೆ, ನಾಳೆಯೊಳಗೆ ಹೇಳಬೇಕು. ನಡೀರಿ, ಹೋಗಿಬಿಡೋಣ."

ಬೈಯುತ್ತಾರೆ, ಇಲ್ಲವೇ ಅಳುತ್ತಾರೆ ಎಂದುಕೊಂಡೆ. ಅತ್ತೆ ಮಣ್ಣಾದ ಕೈ ಝಾಡಿಸಿಕೊಂಡು ನನ್ನ ಮುಖ ನೋಡಿದರು.

"ನಿಜವಾಗಿ ಕರೀತಿದ್ದೀಯಾ?"

"ಮತ್ತೇನು ಸುಳ್ಳಾ?"

"ಹಾಗಾದ್ರೆ ನಡಿ," ಎಂದರು. ಅಷ್ಟೇ. ಹಗ್ಗವನ್ನು ಅಲ್ಲೇ ಬಿಟ್ಟು, ಅಂಬೆಗಾಲಿಡುತ್ತ ಗಟ್ಟಿ ನೆಲಕ್ಕೆ ಬಂದು, ನನ್ನ ಹೆಗಲು ಹಿಡಿದು ಎದ್ದರು. "ನಿಮ್ಮ ಮಾವ ಹೋದ ವರ್ಷದಿಂದ ಕಾಯ್ತಾ ಇದ್ದೀನಿ, ಯಾರಾದ್ರೂ ಸಾಕು ಬಾ ಅನ್ನಲಿ ಅಂತ. ನಿನ್ನ ಗಂಡನಿಗೆ ಅಪ್ಪನ ಮನೆ ಅಂದ್ರೆ ಪ್ರಾಣ. ನಾನು ಹೇಗೆ ಬಾಯಿ ಬಿಡಲಿ?"

ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ. ಮಗ ತಾಯಿಗಾಗಿ ಕೂತಿದ್ದ, ತಾಯಿ ಮಗನಿಗಾಗಿ ಕಲ್ಲು ಎಳೆದಿದ್ದಳು. ಬೇಡವಾದ ಮನೆಯೊಂದನ್ನು ಎಲ್ಲರೂ ಸೇರಿ ಇನ್ನೊಬ್ಬರ ಸಲುವಾಗಿ ಹೊತ್ತುಕೊಂಡು ನಿಂತಿದ್ದೆವು. ಸಂಜೆ ಇದನ್ನು ಕೇಳಿ ನನ್ನ ಗಂಡ ಕೈಯಲ್ಲಿದ್ದ ಚಹಾ ಲೋಟವನ್ನು ಕೆಳಗಿಡುವುದನ್ನೂ ಮರೆತು ನಿಂತರು. ಆಮೇಲೆ, "ಮೊದಲೇ ಹೇಳಬಾರದಿತ್ತಾ ಅಮ್ಮ" ಎಂದರು.

"ನೀನು ಮೊದಲೇ ಕೇಳಬಾರದಿತ್ತಾ," ಎಂದರು ಅತ್ತೆ, ಪಾತ್ರೆ ಕಟ್ಟುತ್ತ.

ನಾವು ಬಿಟ್ಟ ಮುಂದಿನ ವಾರ ಟೈಲರನ ಸೂರು ಕುಸಿಯಿತು. ಜೊತೆಗೆ ಮಗಳ ಕೋಣೆಯ ಗೋಡೆಯೂ ಹೋಯಿತು. ಗಂಡ ಹೋಗಿ ನೋಡಿ ಬಂದರು. ಉರುಳುಗಲ್ಲು ಅವಳ ಹಾಸಿಗೆ ಇರುತ್ತಿದ್ದ ಜಾಗಕ್ಕೆ ಬಂದು ಬಿದ್ದಿದೆಯಂತೆ. ಅದನ್ನು ಅತ್ತೆಗೆ ನಾವು ಹೇಳಲಿಲ್ಲ.

ಕ್ವಾರ್ಟರ್ಸಿನ ಮನೆ ಕೋಳಿಗೂಡಿನಷ್ಟಿದೆ. ಮಧ್ಯಾಹ್ನ ಸೆಕೆ, ಬಸ್ಸಿನ ಸದ್ದು, ಪಕ್ಕದವರ ಟೀವಿ. ಆದರೆ ಕಿಟಕಿಯ ಸರಳಿಗೆ ಹಾಕಿದ ಚಡ್ಡಿ ಅಲ್ಲೇ ಒಣಗುತ್ತದೆ. ಅಲ್ಲಿ ಮೊದಲ ಸಲ ಜೋರು ಮಳೆ ಬಂದಾಗ ಅತ್ತೆ ಊಟ ಮುಗಿಸಿ ಅಡ್ಡಾಗಿದ್ದರು. ತಟ್ಟನೆ ಎದ್ದು ಕೂತು, ಕಾಲಿನಿಂದ ಚಪ್ಪಲಿ ಹುಡುಕತೊಡಗಿದರು. ಕೈ ಬಾಗಿಲ ಹಿಂದೆ ಇಲ್ಲದ ಹಗ್ಗವನ್ನು ತಡಕುತ್ತಿತ್ತು.

"ಅತ್ತೆ, ಮಲಗಿ," ಎಂದೆ. "ನಮ್ಮ ಮೇಲೆ ಮಣ್ಣಿಲ್ಲ. ಇನ್ನೊಬ್ಬರ ಮನೆ ಇದೆ."

ಅತ್ತೆ ತಲೆಯೆತ್ತಿ ಸುಣ್ಣದ ಸೂರನ್ನು ಸ್ವಲ್ಪ ಹೊತ್ತು ನೋಡಿದರು.

"ಹಾಗಾದ್ರೆ ಅವರೇ ನೋಡ್ಕೊಳ್ಳಲಿ," ಎಂದು ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ಹೊರಳಿದರು. ಆ ನಿದ್ದೆಯಲ್ಲಿ ಮಳೆ ನಿಂತದ್ದು ಅವರಿಗೆ ಗೊತ್ತಾಗಲೇ ಇಲ್ಲ.