ಮಾಳಿಗೆಯ ಮೇಲೆ ಕೊಟ್ಟ ಉತ್ತರ

ಹುಬ್ಬಳ್ಳಿಯ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ನಾನು ಪಾಠ ಹೇಳುತ್ತಿದ್ದೆ. ‘ಐ ವುಡ್ ಲೈಕ್ ಟು’ ಅಂದರೆ ಮನಸ್ಸಿದೆ, ‘ಐ ಡೋಂಟ್ ಮೈಂಡ್’ ಅಂದರೆ ಬರೀ ತಕರಾರಿಲ್ಲ. ಎರಡೂ ಒಂದೇ ಎಂದುಕೊಂಡವರನ್ನು ಎದ್ದು ನಿಲ್ಲಿಸಿ ಹತ್ತು ಸಲ ಹೇಳಿಸುತ್ತಿದ್ದೆ. ಇಂಥ ಚೂರುಪಾರು ವ್ಯತ್ಯಾಸಗಳೇ ನನ್ನ ಅನ್ನ, ನನ್ನ ಜಂಭವೂ ಅದೇ.

ಆ ಚಳಿಗಾಲ ಕೆಲಗೇರಿಯಿಂದ ಒಂದು ಸಂಬಂಧ ಬಂತು. ಉಣಕಲ್ಲಿನ ನಮ್ಮ ಮನೆಯಲ್ಲಿ ಶಿರಾ, ಉಪ್ಪಿಟ್ಟು, ಚಹಾ ಎಲ್ಲ ಮುಗಿದ ಮೇಲೆ ಹಿರಿಯರು ನಮ್ಮಿಬ್ಬರನ್ನು ಮಾತಾಡಲೆಂದು ಮಾಳಿಗೆಗೆ ಕಳಿಸಿದರು. ಹುಡುಗ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಲೆಕ್ಚರರ್. ಮಾತು ಕಡಿಮೆ, ನಗು ಚೆಂದ. ನನಗೆ ಹಿಡಿಸಿದ್ದ, ಸುಳ್ಳೇಕೆ ಹೇಳಲಿ. ತಡೆಯಲಾರದೆ ಕೇಳಿಯೇಬಿಟ್ಟೆ.

“ನಿಮಗ ನಾ ಒಪ್ಪಿಗಿ ಏನ್ರಿ?”

ಅವನು ಕಿವಿಯವರೆಗೂ ಕೆಂಪಾದ. ಇಂಗ್ಲಿಷ್ ಟೀಚರಿಗೆ ಇಂಗ್ಲಿಷೇ ಸರಿ ಎಂದುಕೊಂಡನೋ ಏನೋ, “ಐ ಡೋಂಟ್ ಮೈಂಡ್” ಅಂದ.

ಮೈ ಉರಿಯಿತು. ತಕರಾರಿಲ್ಲವಂತೆ! ನಾನೇನು ಬಸ್ಸಿನ ಹಿಂದಿನ ಸೀಟೇ? ಮೂರು ದಿನ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಕೆರೆಯ ದಂಡೆಗೆ ಹೋಗಿ ಸುತ್ತು ಹಾಕಿದೆ. ನಡೆದಷ್ಟೂ ಸಿಟ್ಟು ಏರಿತು. ನಾಲ್ಕನೆಯ ದಿನ, ಬೇಡ ಎಂದು ಹೇಳಿ ಕಳಿಸು ಅಂತ ಅವ್ವನಿಗೆ ಹೇಳಿದೆ.

“ಛಲೋ ಹುಡುಗ ಅದಾನಲ್ಲ, ಯಾಕವಾ?” ಎಂದಳು.

ಕಾರಣ ಹೇಳಲಿಲ್ಲ. ಹೇಳಿದ್ದರೆ ನಗುತ್ತಿದ್ದಳು.

ಎರಡು ವಾರದ ಮೇಲೆ ಅವ್ವ ಹೋಳಿಗೆ ಮಾಡಿದಳು. ಅಪ್ಪ ಮೂರನೆಯದನ್ನು ತುಪ್ಪದಲ್ಲಿ ಅದ್ದಿ ತಿಂದು, ತಲೆ ಎತ್ತದೆ, “ಅಡ್ಡಿಯಿಲ್ಲ” ಅಂದರು. ಅವ್ವನ ಮುಖ ಅರಳಿತು. ಕೇಳದೆಯೇ ಇನ್ನೊಂದು ಬಡಿಸಿದಳು. ನಮ್ಮ ಕಡೆ ಗಂಡಸರ ಬಾಯಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ಹೊರಡುವುದಿಲ್ಲ. ಅವನು ಮಾಳಿಗೆಯ ಮೇಲೆ ಹೇಳಿದ್ದೂ ಇದನ್ನೇ. ಹುಟ್ಟಿದಾಗಿನಿಂದ ಕೇಳಿದ ಮಾತು ನನಗೆ ಇಂಗ್ಲಿಷಿನಲ್ಲಿ ಗುರುತೇ ಸಿಗಲಿಲ್ಲ. ಅರ್ಧ ಊಟಕ್ಕೇ ಎದ್ದೆ.

ಕೈ ತೊಳೆದವಳೇ ಹುಡುಗನ ಕಡೆಯವರು ಕೊಟ್ಟಿದ್ದ ಬಯೋಡಾಟಾ ಹುಡುಕಿ, ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ.

“ನಂದು ತಪ್ಪಾತ್ರಿ. ನೀವು ಅವತ್ತು ಅಂದದ್ದು ನನಗ ತಿಳೀಲಿಲ್ಲ.”



“ನಿನ್ನೆ ಬ್ಯಾರೆ ಕಡೆ ನಿಶ್ಚಯ ಆತ್ರಿ” ಅಂದ.

ಫೋನ್ ಇಡಬೇಕಿತ್ತು. ಇಡಲಾಗಲಿಲ್ಲ.

“ಅಲ್ಲಿ ಕೇಳಿದಾಗ ಏನಂದ್ರಿ?”

“ಅಲ್ಲಿ ಯಾರೂ ನನ್ನ ಕೇಳಲೇ ಇಲ್ರಿ.”