ಆ ಫೈಲು ಇಟ್ಟು ಮರೆತಿದ್ದು ನಾನು, ತಂಗಿ ಅಲ್ಲ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯ ದಾಖಲೆ ಕೋಣೆಯಲ್ಲಿ ಐವತ್ತೊಂದರ ಹೆಂಗಸೊಬ್ಬರು ಏಣಿ ಹತ್ತಿ ರೋಗಿಯೊಬ್ಬರ ಫೈಲು ಎಳೆಯುತ್ತಾರೆ. ಕೆಳಗಿಳಿದು ಅದರ ನಂಬರನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಮತ್ತೆ ಹತ್ತುತ್ತಾರೆ. ಮೊಣಕಾಲು ಗೊಣಗಿದರೂ ಬರೆಯದೆ ಇನ್ನೊಂದು ಫೈಲು ಮುಟ್ಟುವವರಲ್ಲ.

ಡಾಕ್ಟರುಗಳಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರ ಬಾಯಲ್ಲೂ ಇವರು ಫೈಲಮ್ಮ. ಇಪ್ಪತ್ತಾರು ವರ್ಷದ ನೌಕರಿ, ನಲವತ್ತು ಸಾವಿರ ಫೈಲು. ದಿನಕ್ಕೆ ಇನ್ನೂರೈವತ್ತಾದರೂ ಮೇಲಿನ ಮಹಡಿಗೆ ಹೋಗಿ ಬರಬೇಕು. ಎರಡು ವರ್ಷದ ಹಿಂದೆ ಈ ನೋಟ್‌ಬುಕ್ಕು ಇರಲಿಲ್ಲ. ಕಂಪ್ಯೂಟರು ಕೈಕೊಟ್ಟ ದಿನವೂ ಫೈಲಮ್ಮ ಕೈಕೊಟ್ಟವರಲ್ಲ. ಹೆಸರು ಹೇಳಿದರೆ ಸಾಕು, ಯಾವ ಸಾಲು, ಎಷ್ಟನೇ ಶೆಲ್ಫು ಎಂದು ಕೂತಲ್ಲಿಂದಲೇ ಹೇಳುತ್ತಿದ್ದರು. ಅದರ ಬಗ್ಗೆ ಒಂಚೂರು ಜಂಬವೂ ಇತ್ತೆಂದು ಅವರೇ ಒಪ್ಪಿಕೊಳ್ಳುತ್ತಾರೆ.

ಆಮೇಲೆ ನಿದ್ದೆ ಕೆಟ್ಟಿತು. ಕೂತಲ್ಲೇ ಮೈ ಕಾದು ಬೆವರು ಕಿತ್ತುಕೊಂಡು ಬರುತ್ತಿತ್ತು. ಏಣಿ ಹತ್ತಿದ ಮೇಲೆ, ಹತ್ತಿದ್ದು ಯಾಕೆಂದೇ ಮರೆಯುತ್ತಿತ್ತು.

"ತಲೆಯೊಳಗೆ ಮಂಜು ತುಂಬಿದ ಹಾಗೆ. ಯಾರಿಗೆ ಹೇಳೋದು? ಫೈಲಮ್ಮನ ಕಥೆ ಮುಗೀತು ಅಂತಾರೆ ಅಂತ ಬಾಯಿ ಹೊಲ್ಕೊಂಡಿದ್ದೆ."

ಬಾಯಿ ಬಿಟ್ಟದ್ದು ಬೇಡದ ಹೊತ್ತಿನಲ್ಲಿ. ವೃದ್ಧರೊಬ್ಬರ ಫೈಲು ಸಿಗದೆ ಅವರ ಆಪರೇಷನ್ ಹದಿನೈದು ದಿನ ಮುಂದೆ ಹೋಯಿತು. ಮೇಲಧಿಕಾರಿ, ಫೈಲಮ್ಮನನ್ನೂ ಜೊತೆಗೆ ಕೆಲಸ ಮಾಡುತ್ತಿದ್ದವಳನ್ನೂ ಕರೆಸಿದರು. ಒಂಬತ್ತು ವರ್ಷ ಒಂದೇ ಮೇಜಿನಲ್ಲಿ ಬುತ್ತಿ ಬಿಚ್ಚಿದವರು. ಇವರು ಅವಳಿಗೆ ಅಕ್ಕ, ಅವಳು ಇವರಿಗೆ ತಂಗಿ. ತಂಗಿ, ತನಗೆ ಗೊತ್ತಿಲ್ಲ ಎಂದಳು. ಫೈಲಮ್ಮ ಮಾತ್ರ ಅದನ್ನು ಅವಳ ಕೈಗೇ ಕೊಟ್ಟಿದ್ದೇನೆಂದು ಖಡಾಖಂಡಿತವಾಗಿ ಹೇಳಿಬಿಟ್ಟರು. ಬೇಕೆಂದೇ ಹೇಳಿದ ಸುಳ್ಳಲ್ಲ. ಕೊಟ್ಟ ನೆನಪು ಇತ್ತು, ಬೇರೆ ಯಾವುದೋ ದಿನದ್ದು. ಫೈಲಮ್ಮನ ನೆನಪಿನ ಮುಂದೆ ತಂಗಿಯ ಮಾತು ನಡೆಯಲಿಲ್ಲ. ಅವಳನ್ನು ಊರಾಚೆಯ ಶಾಖೆಗೆ ಎತ್ತಿಹಾಕಿದರು.

ಹೋಗುವಾಗ ಅವಳು ಹೇಳಿದ್ದು ಇಷ್ಟೆ: "ಅಕ್ಕ, ಒಂದ್ಸಲ ನಿಮ್ಮ ಬೀರು ನೋಡ್ಬಹುದಿತ್ತು."

ಫೈಲಮ್ಮ ನೋಡಲಿಲ್ಲ. ನಾಲ್ಕು ತಿಂಗಳ ಮೇಲೆ ಚಳಿ ಶುರುವಾಗಿ, ದಾಖಲೆ ಕೋಣೆಯ ತಮ್ಮ ಬೀರುವಿನ ಮೂಲೆಯಲ್ಲಿ ಉಂಡೆಯಾಗಿ ಬಿದ್ದಿದ್ದ ಸ್ವೆಟರು ಕೊಡವಿದಾಗ ಆ ಫೈಲು ಕಾಲ ಮೇಲೆ ಬಿತ್ತು. ಮಳೆಗಾಲದಲ್ಲಿ ಯಾವತ್ತೋ ಮೈ ಕಾದಾಗ ಸ್ವೆಟರು ಕಿತ್ತು ಒಳಗೆ ತುರುಕಿದ್ದರು, ಕೈಯಲ್ಲಿದ್ದ ಫೈಲನ್ನೂ ಸೇರಿಸಿ.

ಆ ದಿನವೇ ಆಸ್ಪತ್ರೆಯ ಡಾಕ್ಟರಮ್ಮ ಒಬ್ಬರ ಮುಂದೆ ಕೂತು ಅತ್ತರು. ಡಾಕ್ಟರಮ್ಮ ಪರೀಕ್ಷೆ ಮಾಡಿ, ಮುಟ್ಟು ನಿಲ್ಲುವ ಕಾಲದಲ್ಲಿ ಎಷ್ಟೋ ಹೆಂಗಸರಿಗೆ ಹೀಗಾಗುತ್ತದೆ, ಬುದ್ಧಿ ಕೆಟ್ಟದ್ದಲ್ಲ ಎಂದರು. ನಿದ್ದೆ ಸರಿಯಾಗಲು ಔಷಧಿ ಕೊಟ್ಟು, ಎಲ್ಲವನ್ನೂ ಬರೆದಿಡಲು ಹೇಳಿದರು. ನೋಟ್‌ಬುಕ್ಕು ಬಂದದ್ದು ಹಾಗೆ. ಈಗ ಮಂಜು ಎಷ್ಟೋ ಕಡಿಮೆಯಾಗಿದೆ.

"ಹುಚ್ಚಲ್ಲ ಅಂತ ಗೊತ್ತಾಗಿ ಉಸಿರು ಬಂತು. ಆದ್ರೆ ಅದನ್ನ ನೆಪ ಮಾಡ್ಕೊಳ್ಳೋಕಾಗಲ್ಲ. ಮರೆಸಿದ್ದು ವಯಸ್ಸು, ಸರಿ. ಅವಳ ಮೇಲೆ ಹಾಕಿದ್ದು ನಾನೇ. ನೆನಪಾಗ್ತಿಲ್ಲ ಅನ್ನೋ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ ನೋಡಿ."

ತಪ್ಪು ತನ್ನದೆಂದು ಪತ್ರ ಬರೆದುಕೊಟ್ಟರೆ ಮೇಲಧಿಕಾರಿ, ಆಗಿದ್ದು ಆಗಿಹೋಯಿತು ಬಿಡಿ ಎಂದು ಡ್ರಾಯರಿಗೆ ಹಾಕಿದರು. ಆಸ್ಪತ್ರೆಯಲ್ಲಿ ಇವತ್ತಿಗೂ ತಂಗಿಯೇ ಫೈಲು ಕಳೆದವಳು. ಅವಳು ಫೋನು ಎತ್ತುವುದಿಲ್ಲ. ಒಮ್ಮೆ ಬಸ್ಸು ಹತ್ತಿ ಆ ಶಾಖೆಯ ಗೇಟಿನವರೆಗೂ ಹೋದ ಫೈಲಮ್ಮ, ಒಳಗೆ ಹೋಗಲು ಮುಖವಿಲ್ಲದೆ ವಾಪಸಾದರು. ಮಧ್ಯಾಹ್ನ ಈಗ ಒಬ್ಬರೇ ಊಟ ಮಾಡುತ್ತಾರೆ.

ಈ ಲೇಖನಕ್ಕೆಂದು ಫೋಟೋ ತೆಗೆಯಲು ಹೋದರೆ ಕೈ ಅಡ್ಡ ಹಿಡಿಯುತ್ತಾರೆ. ಆಸೆ ಏನಾದರೂ ಇದೆಯೇ ಎಂದರೆ ನೋಟ್‌ಬುಕ್ಕು ಮುಚ್ಚಿಡುತ್ತಾರೆ.

"ನನ್ನ ಫೋಟೋ ಬೇಡ. ಅವಳು ಭಾನುವಾರದ ಪೇಪರ್ ತಪ್ಪದೆ ನೋಡ್ತಾಳೆ. ಆದ್ರೆ ನನ್ನ ವಿಷಯ ಅಂತ ಗೊತ್ತಾದ್ರೆ ಪುಟ ತಿರುಗಿಸಿಬಿಡ್ತಾಳೆ. ಅದಕ್ಕೇ ಮರೆತಿದ್ದು ನಾನು ಅನ್ನೋ ಮಾತನ್ನ ಕೊನೇಲಿ ಹಾಕ್ಬೇಡಿ. ದಪ್ಪಕ್ಷರದಲ್ಲಿ, ಎಲ್ಲಕ್ಕಿಂತ ಮೇಲೆ ಹಾಕಿ."