ಮೇಣದಬತ್ತಿಯ ಮಲ್ಲಿಗೆ

ಜ್ವರ ಬಂದು ಹೋದಮೇಲೆ ನನ್ನ ಹೆಂಡತಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಒಗ್ಗರಣೆ ಸೀದರೂ ಗೊತ್ತಾಗುತ್ತಿರಲಿಲ್ಲ. ಸಹಕಾರನಗರದಲ್ಲಿರುವ ಅವಳ ತಂಗಿ, ವಾಸನೆ ಮರಳಿ ಬರಲೆಂದು ಗಾಜಿನ ಜಾಡಿಯಲ್ಲಿ ಮಲ್ಲಿಗೆ ಪರಿಮಳದ ಮೇಣದಬತ್ತಿ ತಂದುಕೊಟ್ಟಳು. ಬೇಗ ಮುಗಿದೀತೆಂದು ನಾನು ಹಚ್ಚಿದ ಸ್ವಲ್ಪ ಹೊತ್ತಿಗೇ ಆರಿಸಿಬಿಡುತ್ತಿದ್ದೆ. ನಡುವೆ ಗುಳಿ ಬಿದ್ದು, ಬತ್ತಿ ಮೇಣದಲ್ಲಿ ಮುಳುಗತೊಡಗಿತು.

ತಂಗಿ ಮತ್ತೆ ಬಂದಾಗ ಅದನ್ನು ನೋಡಿ ನಕ್ಕಳು. "ಇಷ್ಟು ಬೇಗ ಆರಿಸ್ಬೇಡಿ ಭಾವ. ಮೇಲಿನ ಮೇಣ ಅಂಚಿನ ತನಕ ಕರಗ್ಬೇಕು, ಆಗ್ಲೇ ಪರಿಮಳ ಚೆನ್ನಾಗಿ ಹರಡೋದು." ಗುಳಿಯ ಮೇಣವನ್ನು ಚಮಚದಿಂದ ತೆಗೆದು, ಬತ್ತಿಯ ಕರಕಲು ತುದಿ ಕತ್ತರಿಸಿ, ಹಚ್ಚಿಟ್ಟು ಹೋದಳು.

ಆ ಸಂಜೆ ನಾನು ಆರಿಸಲು ಹೋಗಲಿಲ್ಲ. ಮೇಣ ಅಂಚಿನವರೆಗೂ ಕರಗುವ ಹೊತ್ತಿಗೆ ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ರೀ, ನಂಗೆ ಮಲ್ಲಿಗೆ ವಾಸನೆ ಬರ್ತಿದೆ!"

ಒದ್ದೆ ಕೈಯಲ್ಲೇ ಓಡಿಬಂದು ಜಾಡಿಯ ಮುಂದೆ ಕೂತಳು. ಎಷ್ಟೋ ದಿನಗಳ ಮೇಲೆ ಇಬ್ಬರೂ ನಿರಾಳವಾಗಿ ನಕ್ಕೆವು.